ರಾಬರ್ಟ್ ಬ್ರೌನ್: ಕಂಡುದನ್ನು ಒರೆಗೆ ಹಚ್ಚಿದವನು

ಸಾಲೋಟಗಿ ಎಂದೊಡನೆ ನನಗೆ ನೆನಪಾಗುವುದು ಕ್ರಿ.ಶ. 945ರ ಶಾಸನ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳ ವಿದ್ಯಾರ್ಥಿಗಳು ಬಂದು ಓದಿದರು. ಆ ಶಾಸನದ ಪಾಠ ಮುಗಿಸಿದ ದಿನ ವಿಜ್ಞಾನದ ವಿದ್ಯಾರ್ಥಿಯೊಬ್ಬನು ನನ್ನ ಬಳಿಗೆ ಬಂದನು. ತನ್ನ ತಾಯಿಗೆ ಮರೆವಿನ ಬೇನೆಯೆಂದೂ, ಮಿದುಳನ್ನು ಕೊಯ್ಯದೆಯೇ ಅದರೊಳಗಣ ಅಣುಗಳ ಅಲೆದಾಟವನ್ನು ಅಳೆಯುವ ಉಪಾಯವುಂಟೆಂದು ಓದಿದೆನೆಂದೂ ಹೇಳಿ, ಅದರ ಮೊದಲಿಗನಾರೆಂದು ಕೇಳಿದನು. ನಾನು ಹೇಳಿದ ಹೆಸರು ರಾಬರ್ಟ್ ಬ್ರೌನ್.

ಬ್ರೌನನು 1773ರಲ್ಲಿ ಸ್ಕಾಟ್ಲೆಂಡಿನ ಮಾಂಟ್ರೋಸಿನಲ್ಲಿ ಜನಿಸಿದನು. ಸೈನ್ಯದಲ್ಲಿ ವೈದ್ಯನಾಗಿದ್ದವನು 1801ರಲ್ಲಿ ಫ್ಲಿಂಡರ್ಸನ ಹಡಗನ್ನೇರಿ ಆಸ್ಟ್ರೇಲಿಯಕ್ಕೆ ಹೋಗಿ, 1805ರಲ್ಲಿ ಸಾವಿರಾರು ಸಸ್ಯಗಳೊಡನೆ ಮರಳಿದನು. ಸಸ್ಯಕೋಶದ ನಡುವಣ ಬೀಜಕ್ಕೆ ನ್ಯೂಕ್ಲಿಯಸ್ ಎಂಬ ಹೆಸರಿಟ್ಟವನೂ ಆತನೇ. 1827ರಲ್ಲಿ ಪರಾಗದೊಳಗಣ ಕಣಗಳನ್ನು ನೀರಿನಲ್ಲಿರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಲು, ಅವು ಬಿಡುವಿಲ್ಲದೆ ತತ್ತರಿಸುತ್ತಿದ್ದುವು. ಇದು ಜೀವದ ಲಕ್ಷಣವೆಂದೇ ಆತನಿಗೆ ಮೊದಲು ತೋರಿತು. ಆದರೆ ಆತನು ಅಲ್ಲಿಗೇ ನಿಲ್ಲಲಿಲ್ಲ. ಎಂದೋ ಒಣಗಿದ ಗಿಡ, ಗಾಜು, ಕಲ್ಲು, ಕಡೆಗೆ ಈಜಿಪ್ಟಿನ ಸ್ಫಿಂಕ್ಸಿನ ಚೂರು, ಇವನ್ನೂ ಅರೆದು ನೋಡಿದನು. ಅವೂ ಕುಣಿದುವು! ತನ್ನ ಪ್ರಿಯವಾದ ಊಹೆಯನ್ನು ಬ್ರೌನನು ತಾನೇ ಬಿಟ್ಟುಕೊಟ್ಟನು. ಕಾರಣ ಮಾತ್ರ ಆತನಿಗೆ ತಿಳಿಯಲಿಲ್ಲ. 1858ರಲ್ಲಿ ಆತನು ಲಂಡನಿನಲ್ಲಿ ತೀರಿಕೊಂಡನು. ನೀರಿನ ಅಣುಗಳ ತಾಡನವೇ ಆ ಕುಣಿತಕ್ಕೆ ಕಾರಣವೆಂದು 1905ರಲ್ಲಿ ಐನ್‌ಸ್ಟೈನನು ಗಣಿತದಿಂದ ತೋರಿಸಿದನು.

ಆ ಅಲೆದಾಟವನ್ನೇ ಇಂದು ಮಿದುಳಿನಲ್ಲಿ ಅಳೆಯುತ್ತಾರೆ. ಬಲವಾದ ಅಯಸ್ಕಾಂತದಲ್ಲಿ ಒಂದೊಂದು ಬಗೆಯ ಅಣುವಿನ ಜಲಜನಕವೂ ತನ್ನದೇ ಕಂಪನದಿಂದ ಉತ್ತರ ಕೊಡುತ್ತದೆ. ಎರಡು ಬಾರಿ ಕ್ಷೇತ್ರವನ್ನು ಓರೆಮಾಡಿದರೆ, ನಡುವೆ ಜಾಗ ಬಿಟ್ಟು ಸರಿದ ಅಣುಗಳ ದನಿ ಕುಗ್ಗುತ್ತದೆ. ಕುಗ್ಗಿದಷ್ಟೂ ಸರಿದಾಟ ಹೆಚ್ಚು. ನೀರು ಕೋಶದ ಒಳಗೂ ಹೊರಗೂ ಅಲೆಯುತ್ತದೆ. ಎನ್-ಅಸಿಟೈಲ್ ಆಸ್ಪಾರ್ಟೇಟ್ ಎಂಬುದಾದರೋ ಬಹುಮಟ್ಟಿಗೆ ನರಕೋಶದೊಳಗೇ ಉಳಿಯುತ್ತದೆ. ಆದುದರಿಂದ ಅದರ ನಡೆ ಕೋಶದ ಒಳಮನೆಯ ಸ್ಥಿತಿಯನ್ನೇ ಹೇಳುತ್ತದೆ. ಕನ್ನಡ ನಾಡಿನಲ್ಲಿಯೂ ಈ ವಿದ್ಯೆಯ ಹತ್ತಿರದ ಕೆಲಸವೊಂದು ನಡೆಯಿತು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದ ಕಾಂತೀಯ ಅನುರಣನವನ್ನು ಪರೀಕ್ಷಿಸಿ 1951ರಲ್ಲಿ ಪ್ರಕಟಿಸಿದರು.

ಇದರಿಂದ ತಾಯಿಗೆ ಗುಣವಾದೀತೇ ಎಂದು ಹುಡುಗನು ಕೇಳಿದನು. ಆಗಲೆಂದು ಹೇಳಲು ನನ್ನ ಮನಸ್ಸು ತುಡಿಯಿತು. ಆದರೆ ಸ್ಫಿಂಕ್ಸಿನ ಚೂರನ್ನು ಅರೆದವನು ಕಣ್ಣಮುಂದೆ ನಿಂತಿದ್ದನು. ಇದು ಅಳತೆಯೇ ಹೊರತು ಮದ್ದಲ್ಲವೆಂದೆನು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ರೌನನ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡನು.