ದೆಹಲಿಯ ಕೊನೆಯ ದಾಸ್ತಾನ್‌ಗೋ ಮೀರ್ ಬಾಖರ್ ಅಲಿ

ದೆಹಲಿಯ ಜಾಮಾ ಮಸೀದಿಗೆ ಮೂರು ಕಡೆಯಿಂದ ಮೆಟ್ಟಿಲುಗಳುಂಟು. ಉತ್ತರ ದಿಕ್ಕಿನ ಮೆಟ್ಟಿಲುಗಳ ಮೇಲೆ ಅಸ್ರ್ ಹೊತ್ತಿಗೆ ಕಥೆ ಹೇಳುವವರು ಬಂದು ಕೂರುತ್ತಿದ್ದರು. ಸುತ್ತ ಜನ ನೆರೆಯುತ್ತಿದ್ದರು. ಒಂದು ಕಡೆ ಅಮೀರ್ ಹಂಝರ ಕಥೆ, ಇನ್ನೊಂದು ಕಡೆ ಹಾತಿಂ ತಾಯಿಯ ಕಥೆ. ಸರ್ ಸಯ್ಯಿದ್ ಅಹ್ಮದ್ ಖಾನ್ ಅವರು ದೆಹಲಿಯ ಕಟ್ಟಡಗಳ ಬಗ್ಗೆ ಬರೆದು 1847ರಲ್ಲಿ ಪ್ರಕಟಿಸಿದ 'ಆಸಾರುಸ್ಸನಾದೀದ್' ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಆ ಪುಸ್ತಕ ಬಂದು ಮೂರು ವರ್ಷಕ್ಕೆ, 1850ರಲ್ಲಿ, ಅದೇ ಊರಿನಲ್ಲಿ ಹುಟ್ಟಿದವರು ಮೀರ್ ಬಾಖರ್ ಅಲಿ. ದೆಹಲಿಯ ಕೊನೆಯ ದಾಸ್ತಾನ್‌ಗೋ ಎಂದು ಚರಿತ್ರೆ ಅವರನ್ನು ಗುರುತಿಸುತ್ತದೆ. ಉರ್ದು ಬಲ್ಲವರಿಗೆ ಈ ಹೆಸರು ಹೊಸತಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ.

ದಾಸ್ತಾನ್ ಅಂದರೆ ಫಾರ್ಸಿಯಲ್ಲಿ ಉದ್ದದ ಕಥೆ. ಅದನ್ನು ಹೇಳುವವನು ದಾಸ್ತಾನ್‌ಗೋ. ಎಷ್ಟು ಉದ್ದ ಅಂದರೆ, ಲಕ್ನೋದ ನವಲ್ ಕಿಶೋರ್ ಪ್ರೆಸ್‌ನವರು ಅಮೀರ್ ಹಂಝರ ದಾಸ್ತಾನನ್ನು ಉರ್ದುವಿನಲ್ಲಿ ಅಚ್ಚು ಹಾಕಿದಾಗ ಅದು 46 ಸಂಪುಟಗಳಾಯಿತು. ಒಂದೊಂದು ಸಂಪುಟವೂ ಸುಮಾರು ಸಾವಿರ ಪುಟದ್ದು. ಅಕ್ಬರ್ ಬಾದ್‌ಶಾಹನಿಗೆ ಈ ಕಥೆಯ ಮೇಲೆ ಎಂಥ ಪ್ರೀತಿ ಅಂದರೆ, ಅದಕ್ಕಾಗಿ ಸುಮಾರು 1,400 ಚಿತ್ರಗಳನ್ನು ಬರೆಸಿದ. ಆ ಕೆಲಸ ಮುಗಿಯಲು ಹದಿನೈದು ವರ್ಷ ಬೇಕಾಯಿತು. ಯುದ್ಧ, ಅರಮನೆಯ ಮಜ್ಲಿಸ್, ಮಾಯಾಲೋಕ, ಉಪಾಯಗಾರರ ಚಮತ್ಕಾರ ಈ ನಾಲ್ಕು ದಾಸ್ತಾನಿನ ಕಂಬಗಳು. ಅದರಲ್ಲಿ ಬರುವ ಅಮರ್ ಅಯ್ಯಾರ್ ಎಂಬವನ ಚೀಲದಲ್ಲಿ ಇಡೀ ಊರೇ ಹಿಡಿಸುತ್ತದೆ. ಮಕ್ಕಳಿಗೆ ಹೇಳಿದರೆ ಊಟ ಮರೆತು ಕೇಳಿಯಾರು.

ಮೀರ್ ಬಾಖರ್ ಅಲಿಯವರದ್ದು ಕಥೆ ಹೇಳುವ ಮನೆತನ. ಅಜ್ಜ ಮೀರ್ ಅಮೀರ್ ಅಲಿ ಮೊಘಲ್ ದರ್ಬಾರಿನಲ್ಲಿ ಕಥೆ ಹೇಳುತ್ತಿದ್ದವರು. ತಾಯಿಯ ಅಣ್ಣತಮ್ಮಂದಿರ ಪೈಕಿ ಮೀರ್ ಕಾಝಿಂ ಅಲಿ ಆ ಕಾಲದ ದೊಡ್ಡ ದಾಸ್ತಾನ್‌ಗೋ. ತಂದೆ ಬೇಗ ತೀರಿಹೋದ ಕಾರಣ ಹುಡುಗ ಮಾವನ ಆಶ್ರಯದಲ್ಲಿ ಬೆಳೆದ. ವಿದ್ಯೆಯೂ ಅಲ್ಲಿಂದಲೇ ಬಂತು.

ಆದರೆ ಆ ವಿದ್ಯೆಗೆ ನೆರಳಾಗಿದ್ದ ಮರವೇ ಅಷ್ಟರಲ್ಲಿ ಬಿದ್ದು ಹೋಗಿತ್ತು. 1857ರ ದಂಗೆ ನಡೆದಾಗ ಬಾಖರ್ ಅಲಿಗೆ ಏಳು ವರ್ಷ. ಸೆಪ್ಟೆಂಬರಿನಲ್ಲಿ ಬ್ರಿಟಿಷರು ದೆಹಲಿಯನ್ನು ಮತ್ತೆ ಹಿಡಿದರು. ಊರಿನ ಜನರನ್ನು ಕೋಟೆ ಗೋಡೆಯ ಹೊರಗೆ ಅಟ್ಟಿದರು. ಮುಸ್ಲಿಮರಿಗೆ ವಾಪಸ್ ಬರಲು ಅನುಮತಿ ಸಿಕ್ಕಿದ್ದು ಎಲ್ಲರಿಗಿಂತ ತಡವಾಗಿ. ಬಹಾದುರ್ ಶಾಹ್ ಝಫರ್ ಅವರನ್ನು ರಂಗೂನಿಗೆ ಗಡೀಪಾರು ಮಾಡಿದರು. ಜಾಮಾ ಮಸೀದಿಯನ್ನು ವಶಪಡಿಸಿಕೊಂಡು 1862ರವರೆಗೆ ಬಿಟ್ಟುಕೊಡಲಿಲ್ಲ. ಐದು ವರ್ಷ ಅಲ್ಲಿ ನಮಾಝ್ ಇಲ್ಲ ಅಂದ ಮೇಲೆ ಮೆಟ್ಟಿಲ ಮೇಲಿನ ಕಥೆಯ ಮಾತೆಲ್ಲಿ? ದರ್ಬಾರಿಗಾಗಿ ಕಲಿತ ಕಸುಬು ದರ್ಬಾರೇ ಇಲ್ಲದ ಊರಿನಲ್ಲಿ ಉಳಿಯಬೇಕಾಗಿ ಬಂತು.

ಆದರೂ ಬಾಖರ್ ಅಲಿ ಅದನ್ನು ಬಿಡಲಿಲ್ಲ. ಕೆಲವು ಕಾಲ ಪಟಿಯಾಲ ಸಂಸ್ಥಾನದ ಆಶ್ರಯ ಸಿಕ್ಕಿತ್ತು. ದೆಹಲಿಯ ಸಿರಿವಂತರ ಹವೇಲಿಗಳಿಂದ ಕರೆ ಬರುತ್ತಿತ್ತು. ಅವರನ್ನು ಕಂಡವರು ಬರೆದಿಟ್ಟ ಪ್ರಕಾರ ಅವರದ್ದು ಸಣಕಲು ದೇಹ. ನೋಡಿದರೆ ಏನೂ ಅನಿಸದ ಆಸಾಮಿ. ಕಥೆ ಶುರುವಾದ ಮೇಲೆ ಮಾತ್ರ ಬೇರೆಯೇ ಮನುಷ್ಯ. ಬಾದ್‌ಶಾಹ ಬಂದರೆ ಕೂತಲ್ಲೇ ಬಾದ್‌ಶಾಹನ ಗತ್ತು, ಮುದುಕಿ ಬಂದರೆ ಬಾಯಲ್ಲಿ ಹಲ್ಲೇ ಇಲ್ಲದ ಹಾಗೆ ಮಾತು. ವೇಷ ಇಲ್ಲ, ಪರದೆ ಇಲ್ಲ, ವಾದ್ಯವೂ ಇಲ್ಲ. ಸ್ವರ, ಮುಖ, ಎರಡು ಕೈ ಅಷ್ಟೇ ಬಂಡವಾಳ.

ಇನ್ನೊಂದು ವಿಷಯ ನಾವು ಗಮನಿಸಬೇಕು. ಅವರು ಕಥೆಯನ್ನು ಉರು ಹೊಡೆದು ಒಪ್ಪಿಸುತ್ತಿರಲಿಲ್ಲ. ಕಥೆಯ ಎಲುಬು ಮಾತ್ರ ನೆನಪಿನಲ್ಲಿ, ಮಾಂಸ ತುಂಬುವುದು ಆ ದಿನದ ಮಜ್ಲಿಸ್‌ನಲ್ಲಿ. ಕುಸ್ತಿಯ ಸನ್ನಿವೇಶ ಬಂತೆಂದರೆ ಪಟ್ಟುಗಳ ಹೆಸರು ಒಂದರ ಹಿಂದೆ ಒಂದು. ಯುದ್ಧವಾದರೆ ಆಯುಧಗಳ ಹೆಸರು, ಮದುವೆಯಾದರೆ ಆಭರಣಗಳ, ಅಡುಗೆಗಳ ಹೆಸರು. ಇದೆಲ್ಲ ಬಾಯಿಗೆ ಬರಬೇಕಾದರೆ ಆಯಾ ಕಸುಬಿನವರ ಹತ್ತಿರ ಹೋಗಿ ಕೇಳಿ ಕಲಿತಿರಬೇಕು. ಹೀಗಾಗಿ ಅವರ ಕಥೆ ಕೇಳುವುದೆಂದರೆ ಹಳೆಯ ದೆಹಲಿಯ ಇಡೀ ಶಬ್ದಭಂಡಾರವನ್ನು ಕೇಳಿದಂತೆ. ಅರಮನೆಯ ಮಾತು, ಬಝಾರಿನ ಮಾತು, ಹೆಂಗಸರ ಮಾತು ಮೂರೂ ಅದರಲ್ಲಿತ್ತು.

ಈ ಪುಟದಲ್ಲಿ ಕಥೆ ಹೇಳುವವರ ಚರಿತ್ರೆ ಯಾಕೆ ಅಂತ ಕೆಲವು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಹಝ್ರತ್ ಹಂಝ (ರ) ನಮ್ಮ ಪ್ರವಾದಿ(ಸ)ಯವರ ಚಿಕ್ಕಪ್ಪ, ಜೊತೆಗೆ ಹಾಲು ಸಂಬಂಧದ ಸಹೋದರ. ಹಿಜರಿ 3ರಲ್ಲಿ ಉಹುದ್‌ನಲ್ಲಿ ಶಹೀದರಾದವರು. ದಾಸ್ತಾನಿನ ಅಮೀರ್ ಹಂಝ ಹೆಸರಿಗೆ ಅವರೇ ಆದರೂ, ಜಿನ್ನ್‌ಗಳ ನಾಡಿಗೆ ಹೋಗುವುದು, ಮಾಯಾವಿಗಳ ಜೊತೆ ಹೋರಾಡುವುದು ಇವೆಲ್ಲ ಪೂರ್ತಿ ಕಲ್ಪನೆ. ಸೀರತ್‌ಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ನಾವು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು.

ಕಥೆಗಾರರ ಬಗ್ಗೆ ನಮ್ಮ ಉಲಮಾಗಳು ಹಿಂದಿನಿಂದಲೂ ಎಚ್ಚರ ಹೇಳಿದ್ದಾರೆ. ಹಿಜರಿ 597ರಲ್ಲಿ ಬಗ್ದಾದಿನಲ್ಲಿ ವಫಾತಾದ ಇಮಾಂ ಇಬ್ನುಲ್ ಜೌಝಿ ಈ ವಿಷಯಕ್ಕೇ ಒಂದು ಕಿತಾಬ್ ಬರೆದರು. ಮಸೀದಿಯಲ್ಲಿ ಕೂತು ಜನರನ್ನು ಅಳಿಸಲು, ನಗಿಸಲು ಇಲ್ಲದ ಹದೀಸ್‌ಗಳನ್ನು ಸೇರಿಸಿ ಹೇಳುವ ಕಥೆಗಾರರು ಅವರ ಕಣ್ಣಿಗೆ ಬಿದ್ದಿದ್ದರು. ಅವರು ಕಥೆ ಹೇಳುವುದನ್ನೇ ಬೇಡ ಅನ್ನಲಿಲ್ಲ. ಜನರ ಹೃದಯ ಮೆದುವಾಗಲು ಒಳ್ಳೆಯ ಕಥೆ ಬೇಕು, ಆದರೆ ಸುಳ್ಳನ್ನು ದೀನ್‌ನ ಹೆಸರಿನಲ್ಲಿ ಮಾರಬಾರದು ಎಂಬುದು ಅವರ ನಿಲುವು. ಈ ಅಳತೆಗೋಲು ಹಿಡಿದರೆ ಬಾಖರ್ ಅಲಿಯವರ ಮೇಲೆ ಆ ದೋಷ ಬರುವುದಿಲ್ಲ. ಅವರು ದಾಸ್ತಾನನ್ನು ದಾಸ್ತಾನ್ ಅಂತಲೇ ಹೇಳಿದರು, ಕೇಳುವವರಿಗೂ ಅದು ಗೊತ್ತಿತ್ತು. ಇವತ್ತು ವಾಟ್ಸಾಪಿನಲ್ಲಿ ಹಿಂದೆಮುಂದೆ ಇಲ್ಲದ ಮಾತುಗಳಿಗೆ ಹದೀಸ್ ಅಂತ ಹೆಸರು ಕೊಟ್ಟು ಹತ್ತು ಜನಕ್ಕೆ ಕಳಿಸಿ ಅನ್ನುವವರಿದ್ದಾರಲ್ಲ, ಇಮಾಮರ ಎಚ್ಚರಿಕೆ ಸರಿಯಾಗಿ ತಾಗುವುದು ಅವರಿಗೆ.

ಇಪ್ಪತ್ತನೇ ಶತಮಾನ ಬಂದಾಗ ಬಾಖರ್ ಅಲಿಯವರ ದಿನಗಳು ಕಷ್ಟವಾದವು. ಒಬ್ಬೊಬ್ಬರಾಗಿ ಹಳೆಯ ಸಿರಿವಂತರು ಹೋದರು. ನಾಟಕ ಕಂಪೆನಿಗಳು ಬಂದವು, ಆಮೇಲೆ ಬಯಸ್ಕೋಪ್ ಬಂತು. ರಾತ್ರಿಯಿಡೀ ಕೂತು ಒಬ್ಬನ ಮಾತು ಕೇಳುವ ತಾಳ್ಮೆ ಜನರಿಗೆ ಉಳಿಯಲಿಲ್ಲ. ಹವೇಲಿಗಳಿಂದ ಕರೆ ನಿಂತಾಗ ಅವರು ತನ್ನ ಮನೆಯಲ್ಲೇ ವಾರಕ್ಕೊಮ್ಮೆ ಮಜ್ಲಿಸ್ ಇಟ್ಟರು. ಬಂದವರು ಚಿಲ್ಲರೆ ಕಾಸು ಕೊಟ್ಟು ಕೇಳಬೇಕು. ಅದೂ ಸಾಲದೆ ಹೋದಾಗ ಕಡೆಗೆ ಅಡಕೆ ಮಾರಲು ಹೊರಟರು. ಅಡಕೆಯನ್ನು ಸಣ್ಣಗೆ ಕತ್ತರಿಸಿ ದೆಹಲಿಯ ಬೀದಿಗಳಲ್ಲಿ ಮಾರುವುದು. ಬಾದ್‌ಶಾಹನ ದರ್ಬಾರಿನ ಕಥೆಗಾರನ ಮೊಮ್ಮಗ ಕೈಯಲ್ಲಿ ಅಡಕೆ ಹಿಡಿದು ಗಲ್ಲಿ ಗಲ್ಲಿ ನಡೆದ. ಪಾನ್ ತಿನ್ನುವ ಶಿಷ್ಟಾಚಾರವನ್ನೇ ದೆಹಲಿಯವರು ಮರೆತಿದ್ದಾರೆ, ಅದನ್ನು ಕಲಿಸಲು ಹೊರಟಿದ್ದೇನೆ ಎಂಬುದು ಕೇಳಿದವರಿಗೆ ಅವರು ಕೊಡುತ್ತಿದ್ದ ಸಮಜಾಯಿಷಿ.

ಅಡಕೆಯ ನಾಡಿನವರಾದ ನಮಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಅದನ್ನು ಬರೀ ಅಯ್ಯೋ ಪಾಪ ಅಂತ ಓದಬಾರದು ಅಂತ ನಮ್ಮ ಅಭಿಪ್ರಾಯ. ಅವರು ಯಾರ ಮುಂದೆಯೂ ಕೈಚಾಚಲಿಲ್ಲ, ಬೆವರು ಸುರಿಸಿ ಹಲಾಲಾಗಿ ದುಡಿದರು. ಮಾನದಿಂದ ಬದುಕುವುದು ಅಂದರೆ ಇದೇ ಅಲ್ಲವಾ? ನಾಚಿಕೆ ಆಗಬೇಕಾದದ್ದು ಅಡಕೆ ಮಾರಿದವರಿಗಲ್ಲ. ಅವರ ಬಾಯಲ್ಲಿದ್ದ ಭಂಡಾರಕ್ಕೆ ಬೆಲೆ ಕಟ್ಟದೆ ಅಡಕೆಯನ್ನು ಮಾತ್ರ ಕೊಂಡು ಹೋದ ಊರಿಗೆ ನಾಚಿಕೆ ಆಗಬೇಕು.

1920ರಲ್ಲಿ ಭಾರತದ ಭಾಷೆಗಳ ಸರ್ವೇಗಾಗಿ ಗ್ರಿಯರ್ಸನ್ ಸಾಹೇಬರ ಯೋಜನೆಯಲ್ಲಿ ಅವರ ಧ್ವನಿಯನ್ನು ಗ್ರಾಮೊಫೋನ್ ತಟ್ಟೆಯಲ್ಲಿ ದಾಖಲು ಮಾಡಿದರು. ಕೆಲವೇ ನಿಮಿಷದ್ದು. ರಾತ್ರಿಗಟ್ಟಲೆ ಹೇಳುತ್ತಿದ್ದವರ ಗಂಟಲಿನಿಂದ ಉಳಿದದ್ದು ಅಷ್ಟೇ. 1928ರಲ್ಲಿ ಅವರು ತೀರಿಕೊಂಡರು. ಅವರ ಸ್ಥಾನದಲ್ಲಿ ಕೂರುವ ಶಿಷ್ಯ ಯಾರೂ ಇರಲಿಲ್ಲ. ಬಾಯಿಂದ ಬಾಯಿಗೆ ನೂರಾರು ವರ್ಷ ಬಂದ ವಿದ್ಯೆ ಒಂದು ಮಯ್ಯಿತ್ತಿನ ಜೊತೆ ಮಣ್ಣಿಗೆ ಹೋಯಿತು.

ಮುಂದೆ ಅಲಹಾಬಾದಿನ ವಿದ್ವಾಂಸ ಶಂಸುರ್ರಹ್ಮಾನ್ ಫಾರೂಖಿ ವರ್ಷಗಟ್ಟಲೆ ಹುಡುಕಿ ಆ 46 ಸಂಪುಟಗಳನ್ನೂ ಕಲೆಹಾಕಿ ಅಧ್ಯಯನ ಮಾಡಿದರು. ಅವರ ಪ್ರೇರಣೆಯಿಂದ 2005ರಲ್ಲಿ ದೆಹಲಿಯಲ್ಲಿ ದಾಸ್ತಾನ್ ಮತ್ತೆ ವೇದಿಕೆಗೆ ಬಂತು. ಈಗ ಯುವಕ ಯುವತಿಯರು ಬಿಳಿ ಉಡುಪು ತೊಟ್ಟು ಕೂತು ಕಥೆ ಹೇಳುತ್ತಾರೆ, ಜನ ಟಿಕೆಟ್ ಕೊಟ್ಟು ಕೇಳುತ್ತಾರೆ. ಪುಸ್ತಕ ಇದ್ದ ಕಾರಣ ಕಥೆ ಬದುಕಿತು. ಆದರೆ ಹೇಳುವ ಧಾಟಿಯನ್ನು ಹೊಸತಾಗಿ ಕಟ್ಟಿಕೊಳ್ಳಬೇಕಾಯಿತು. ಯಾಕೆಂದರೆ ಅದನ್ನು ಬಾಯಾರೆ ಹೇಳಿಕೊಡುವವರು 77 ವರ್ಷ ಹಿಂದೆಯೇ ಹೋಗಿದ್ದರು.

ನಮ್ಮ ಬ್ಯಾರಿ ಮನೆಗಳಲ್ಲೂ ಮಾಲೆ ಹಾಡುವ, ಕಿಸ್ಸ ಹೇಳುವ ಉಮ್ಮಂದಿರು, ಅಜ್ಜಿಯಂದಿರು ಈಗಲೂ ಅಲ್ಲಲ್ಲಿ ಇದ್ದಾರೆ. ನಮ್ಮ ಹೆಚ್ಚಿನ ಗಾದೆ, ಒಗಟು, ಅಜ್ಜಿಕಥೆಗಳು ಇರುವುದು ಅವರ ಬಾಯಲ್ಲಿ. ಹಿರಿಯರು ತೀರಿದ ಮೇಲೆ ಯಾರನ್ನು ಕೇಳುವುದು? ರಜೆಯಲ್ಲಿ ಮಕ್ಕಳು ಮನೆಯಲ್ಲಿರುವಾಗ ಒಂದು ರಾತ್ರಿ ಮೊಬೈಲ್ ಬದಿಗಿಟ್ಟು ಅವರ ಹತ್ತಿರ ಕೂರಿಸಿ. ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಸಾಧ್ಯವಾದರೆ ಅದೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಬಾಖರ್ ಅಲಿಯವರ ಊರಿಗೆ ಸಿಗದ ಅವಕಾಶ ನಮಗೆ ಇನ್ನೂ ಇದೆ.

ಅಲ್ಲಾಹನು ಅವರ ಖಬರನ್ನು ವಿಶಾಲಗೊಳಿಸಲಿ, ಆಮೀನ್.