ತೌಡು ಕುಟ್ಟಿ ನೊಬೆಲ್ ಪಡೆದವರು

ಫಲವಿಲ್ಲದ ಕೆಲಸವನ್ನು ನಾವು ತೌಡು ಕುಟ್ಟುವುದು ಎನ್ನುತ್ತೇವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಕ್ಕಿ ಗಿರಣಿಗಳಿಂದ ತೌಡಿನ ಗೋಣಿಗಳು ದನದ ಹಟ್ಟಿಗೆ ಸಾಗುವುದನ್ನು ಕಂಡಾಗಲೆಲ್ಲ, ಈ ಮಾತನ್ನು ಸುಳ್ಳಾಗಿಸಿದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ನನಗೆ ನೆನಪಾಗುತ್ತಾರೆ.

ನೆದರ್ಲೆಂಡ್ಸ್‌ನಲ್ಲಿ 1858ರಲ್ಲಿ ಜನಿಸಿದ ಐಕ್‌ಮನ್, 1883ರಲ್ಲಿ ಸೇನಾ ವೈದ್ಯರಾಗಿ ಇಂದಿನ ಇಂಡೊನೇಷ್ಯಾಕ್ಕೆ ಹೋದರು. ಮಲೇರಿಯಾಕ್ಕೆ ತುತ್ತಾಗಿ ಎರಡೇ ವರ್ಷಗಳಲ್ಲಿ ಮರಳಿದರು. ಪತ್ನಿಯನ್ನು ಕಳೆದುಕೊಂಡ 1886ರಲ್ಲಿಯೇ ಮತ್ತೆ ಅಲ್ಲಿಗೆ ಹೊರಟರು. ಸೈನಿಕರನ್ನೂ ಕೈದಿಗಳನ್ನೂ ಬಲಿ ತೆಗೆದುಕೊಳ್ಳುತ್ತಿದ್ದ ಬೆರಿಬೆರಿಯ ಮೂಲವನ್ನು ಶೋಧಿಸುವ ತಂಡಕ್ಕೆ ಅವರು ಸೇರಿದ್ದರು. ನರಗಳ ಉರಿಯೂತವೆಂದು ಬಗೆದಿದ್ದ ಆ ವ್ಯಾಧಿಗೆ ರೋಗಾಣುವೇ ಕಾರಣವೆಂಬುದು ಅಂದಿನ ನಂಬಿಕೆ.

ಬಟಾವಿಯಾದ ಪ್ರಯೋಗಾಲಯದ ಕೋಳಿಗಳೂ ಅದೇ ರೀತಿ ಕಾಲು ಸೋತು ಕುಸಿದವು; ಕೆಲವು ತಿಂಗಳ ಬಳಿಕ ತಾವಾಗಿಯೇ ಚೇತರಿಸಿಕೊಂಡವು. ಕಾರಣವಿದ್ದದ್ದು ಅಡುಗೆಮನೆಯಲ್ಲಿ. ಸೇನಾ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಅವುಗಳಿಗೆ ಹಾಕಲಾಗುತ್ತಿತ್ತು. ಹೊಸ ಅಡುಗೆಯವನು ಅದಕ್ಕೆ ಒಪ್ಪದಿದ್ದುದರಿಂದ ಕೋಳಿಗಳಿಗೆ ಪಾಲಿಶ್ ಮಾಡದ ಅಕ್ಕಿ ದೊರೆಯಿತು. ಐಕ್‌ಮನ್ ಪ್ರಯೋಗ ನಡೆಸಿ, ತೌಡಿನಿಂದ ರೋಗ ಗುಣವಾಗುವುದನ್ನು ಖಚಿತಪಡಿಸಿಕೊಂಡರು. ಬಳಿಕ ಅವರ ಸಹೋದ್ಯೋಗಿ ವೋರ್ಡರ್‌ಮನ್ ಜಾವಾದ ನೂರಕ್ಕೂ ಹೆಚ್ಚು ಸೆರೆಮನೆಗಳನ್ನು ಪರಿಶೀಲಿಸಿದಾಗ, ಬಿಳಿ ಅಕ್ಕಿ ಉಣ್ಣುವಲ್ಲಿಯೇ ಬೆರಿಬೆರಿ ಹೆಚ್ಚೆಂಬುದು ಸ್ಪಷ್ಟವಾಯಿತು.

ಆದರೆ ಐಕ್‌ಮನ್ ಒಂದೆಡೆ ಎಡವಿದ್ದರು. ಅನ್ನದಲ್ಲಿ ವಿಷವಿದೆ, ತೌಡು ಅದಕ್ಕೆ ಮದ್ದು ಎಂದು ಭಾವಿಸಿದ್ದರು. ವಿಷವಲ್ಲ, ಪೋಷಕಾಂಶದ ಕೊರತೆಯೇ ಕಾರಣವೆಂದು 1901ರಲ್ಲಿ ತಿದ್ದಿದವರು ಅವರ ಉತ್ತರಾಧಿಕಾರಿ ಗ್ರೈನ್ಸ್. ತೌಡಿನಿಂದ ಆ ಅಂಶವನ್ನು, ಅಂದರೆ ಥಯಾಮಿನ್ ಅನ್ನು, 1926ರಲ್ಲಿ ಹರಳಿನ ರೂಪದಲ್ಲಿ ಬೇರ್ಪಡಿಸಲಾಯಿತು. ಐಕ್‌ಮನ್‌ಗೆ ನೊಬೆಲ್ ಪ್ರಶಸ್ತಿ ಸಂದದ್ದು 1929ರಲ್ಲಿ. ಅಸ್ವಸ್ಥರಾಗಿದ್ದುದರಿಂದ ಸ್ಟಾಕ್‌ಹೋಮ್‌ಗೆ ಹೋಗಲಾಗಲಿಲ್ಲ, ಮರುವರ್ಷ ನಿಧನರಾದರು.

ನಮ್ಮ ಕುಚ್ಚಲಕ್ಕಿಯನ್ನು ಅವರ ಶೋಧದ ಬೆಳಕಿನಲ್ಲಿ ನೋಡಬೇಕು. ಭತ್ತ ಬೇಯುವಾಗ ಥಯಾಮಿನ್ ಕಾಳಿನೊಳಕ್ಕೆ ಇಳಿಯುತ್ತದೆ. ಪಾಲಿಶ್ ಮಾಡಿದರೂ ಒಂದಿಷ್ಟು ಉಳಿಯುತ್ತದೆ. ಜಪಾನಿನ ವಿಜ್ಞಾನಿಗಳು 1950ರ ದಶಕದಲ್ಲಿ ಅಕ್ಕಿ ತೌಡಿನ ಎಣ್ಣೆಯಲ್ಲಿ ಕಂಡುಕೊಂಡ ಒರೈಜನಾಲ್ ಹಾಗಲ್ಲ. ಅದು ತೌಡಿನೊಂದಿಗೇ ಹೊರಟುಹೋಗುತ್ತದೆ. ಒರೈಜನಾಲ್ ಮತ್ತು ತೌಡಿನ ಫೆರುಲಿಕ್ ಆಮ್ಲಗಳು ಉರಿಯೂತವನ್ನು ತಗ್ಗಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಮನುಷ್ಯರಲ್ಲಿ ಅಷ್ಟು ಬಲವಾದ ಪುರಾವೆಯಿಲ್ಲ. ಸಂಧಿವಾತದ ಔಷಧಿಯನ್ನು ಬಿಟ್ಟು ತೌಡನ್ನು ನೆಚ್ಚುವುದು ಅವಿವೇಕ.

ಆದರೂ ಕುಚ್ಚಲಕ್ಕಿಯೂ ಬೆಳ್ಳಗಿರಬೇಕೆಂಬ ಹಂಬಲ ನನಗೆ ಅರ್ಥವಾಗುವುದಿಲ್ಲ. ತೌಡುಳ್ಳ ಅಕ್ಕಿ ಬೇಗನೆ ಕಮಟು ಹಿಡಿಯುತ್ತದೆಂಬ ವ್ಯಾಪಾರಿಯ ಅಳುಕು ನಿಜವೇ. ಅದಕ್ಕೆ ನಾವು ತಿಂಗಳಿಗೆ ಬೇಕಾದಷ್ಟನ್ನೇ ಕೊಂಡರಾಯಿತು. ಗಿರಣಿಯವರಿಗೆ ಪಾಲಿಶ್ ಕಡಿಮೆ ಮಾಡಿರೆಂದು ಹೇಳಬೇಕಾದವರು ಉಣ್ಣುವ ನಾವೇ.