ಕಲ್ಪನಾ ಕೊನೆಗೆ ತಟ್ಟಿದ ಬಾಗಿಲು

ಗದಗ ಜಿಲ್ಲೆಯ ಅಬ್ಬಿಗೇರಿಯಂಥ ಊರಿನಲ್ಲಿ ಸಿನಿಮಾ ಎಂಬುದು ಬಹುಕಾಲ ಬೇರೆ ಊರಿನ ಸಂಗತಿಯಾಗಿತ್ತು. ಒಳ್ಳೆಯ ಚಿತ್ರ ಬಂದಿದೆಯೆಂದರೆ ಗದಗಕ್ಕೆ ಬಸ್ಸು ಹಿಡಿಯಬೇಕು, ಆಟ ಮುಗಿಸಿ ಕೊನೆಯ ಬಸ್ಸಿಗೆ ಮರಳಬೇಕು. ಹೆಂಗಸರ ಪಾಲಿಗೆ ಅದು ವರ್ಷಕ್ಕೊಂದು ಬಾರಿ ಒದಗಿದರೆ ಹೆಚ್ಚು. ನಾಟಕದ ಮಾತು ಬೇರೆ. ಜಾತ್ರೆ ಬಂದರೆ ಊರ ಹುಡುಗರೇ ಬಣ್ಣ ಹಚ್ಚುತ್ತಿದ್ದರು. ಬನದ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಬಾದಾಮಿ ಬನಶಂಕರಿಗೆ ಹೋದರೆ, ಅಲ್ಲಿ ಸಾಲುಸಾಲಾಗಿ ಡೇರೆ ಹಾಕಿದ ವೃತ್ತಿ ನಾಟಕ ಕಂಪನಿಗಳು ಬೆಳತನಕ ಆಡುತ್ತಿದ್ದವು. ಇಂಥ ಸೀಮೆಯ ಹೆಣ್ಣುಮಕ್ಕಳು ನಟಿ ಕಲ್ಪನಾ ಅವರನ್ನು ನೆನೆಯುವ ಬಗೆ ಬೆಂಗಳೂರಿನವರ ಬಗೆಗಿಂತ ಕೊಂಚ ಭಿನ್ನ. ಬೆಂಗಳೂರಿಗೆ ಅವರು ಮಿನುಗುತಾರೆ. ಉತ್ತರ ಕರ್ನಾಟಕಕ್ಕೆ ಅವರು ಕೊನೆಗೆ ಕಂಪನಿ ನಾಟಕಕ್ಕೆ ಬಂದು, ಇಲ್ಲಿಯ ಮಣ್ಣಿನಲ್ಲೇ ಕಣ್ಣುಮುಚ್ಚಿದ ಹೆಣ್ಣುಮಗಳು.

1979ರ ಮೇ ತಿಂಗಳಲ್ಲಿ ಸಂಕೇಶ್ವರದ ಸಮೀಪದ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಅವರು ತೀರಿಕೊಂಡಾಗ ವಯಸ್ಸು ಇನ್ನೂ ಮೂವತ್ತಾರು ತುಂಬಿರಲಿಲ್ಲ. ಆ ಒಂದು ರಾತ್ರಿಯ ಕುರಿತು ಹುಟ್ಟಿದ ಕತೆಗಳಿಗೆ ಲೆಕ್ಕವಿಲ್ಲ. ಅವುಗಳನ್ನು ಇಲ್ಲಿ ಮತ್ತೆ ಹೇಳುವ ಅಗತ್ಯವೂ ಇಲ್ಲ. ಹದಿನಾರು ವರ್ಷಗಳ ದುಡಿಮೆಯನ್ನು ಒಂದು ರಾತ್ರಿಯ ವದಂತಿ ನುಂಗಿಹಾಕಿದೆಯಲ್ಲ ಎಂಬುದಷ್ಟೇ ಖೇದದ ಸಂಗತಿ. ಒಬ್ಬ ನಟಿ ಬೆಂಗಳೂರು, ಮದರಾಸುಗಳ ಸ್ಟುಡಿಯೋ ಬಿಟ್ಟು ಬೆಳಗಾವಿ ಜಿಲ್ಲೆಯ ನಾಟಕದ ಕ್ಯಾಂಪಿಗೆ ಏಕೆ ಬಂದರು ಎಂಬ ಪ್ರಶ್ನೆ ಆ ವದಂತಿಗಳಿಗಿಂತ ದೊಡ್ಡದು. ಅದನ್ನು ಕೇಳಿದವರು ಮಾತ್ರ ಕಡಿಮೆ.

ಕಲ್ಪನಾ ದಕ್ಷಿಣ ಕನ್ನಡದ ಹುಡುಗಿ. ಹುಟ್ಟಿದ್ದು 1943ರಲ್ಲಿ. ಹುಟ್ಟುಹೆಸರು ಶರತ್‌ಲತಾ. ಸಿನಿಮಾಕ್ಕೆ ಅವರಿಗೆ ದಾರಿ ತೋರಿದವರಲ್ಲಿ ಹಾಸ್ಯನಟ ನರಸಿಂಹರಾಜು ಒಬ್ಬರೆಂದು ಹೇಳುತ್ತಾರೆ. ನಿರ್ಮಾಪಕ-ನಿರ್ದೇಶಕ ಬಿ. ಆರ್. ಪಂತುಲು ಅವರು 1963ರ ‘ಸಾಕು ಮಗಳು’ ಚಿತ್ರದಲ್ಲಿ ರಾಜಕುಮಾರ್ ಎದುರು ಅವಕಾಶ ಕೊಟ್ಟರು. ಮರುವರ್ಷ ಎನ್. ಲಕ್ಷ್ಮೀನಾರಾಯಣ ಅವರ ‘ನಾಂದಿ’ ಬಂತು. ಹೆರಿಗೆಯಲ್ಲಿ ಪ್ರಾಣ ಬಿಡುವ ಮೊದಲ ಹೆಂಡತಿಯ ಪಾತ್ರ. ಕತೆಯ ಭಾರವೆಲ್ಲ ಆಮೇಲೆ ಹರಿಣಿಯವರ ಹೆಗಲಿಗೆ ಹೋಗುತ್ತದೆ. ಆದರೂ ಚಿತ್ರದ ಮೊದಲ ಭಾಗದಲ್ಲಿ ಆ ಮನೆಗೊಂದು ಬೆಳಕಿತ್ತು ಎಂದು ನೋಡುವವರಿಗೆ ಅನ್ನಿಸುವುದು ಕಲ್ಪನಾ ಅವರಿಂದ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಿಬಿಡಬೇಕು. 1966ರಲ್ಲಿ ತಮಿಳಿನಲ್ಲಿ ‘ಮದ್ರಾಸ್ ಟು ಪಾಂಡಿಚೇರಿ’ ಎಂಬ ಚಿತ್ರ ಬಂತು. ಒಂದು ಬಸ್ಸು, ಅದರೊಳಗಿನ ವಿಚಿತ್ರ ಪ್ರಯಾಣಿಕರು, ಆರಂಭದಿಂದ ಕೊನೆಯವರೆಗೆ ನಗೆ. ರವಿಚಂದ್ರನ್ ನಾಯಕ, ನಾಗೇಶ್ ಹಾಸ್ಯನಟ, ನಾಯಕಿ ನಮ್ಮ ಕಲ್ಪನಾ. ಅದೇ ಕತೆ 1972ರಲ್ಲಿ ಹಿಂದಿಯಲ್ಲಿ ‘ಬಾಂಬೆ ಟು ಗೋವಾ’ ಆಯಿತು. ಅಮಿತಾಭ್ ಬಚ್ಚನ್ ಜತೆ ಅರುಣಾ ಇರಾನಿ ನಟಿಸಿದರು. ಕಲ್ಪನಾ ಎಂದರೆ ಕಣ್ಣೀರು ಎಂದೇ ನಂಬಿರುವ ಕನ್ನಡಿಗರು ಈ ತಮಿಳು ಚಿತ್ರವನ್ನೊಮ್ಮೆ ನೋಡಬೇಕು. ಹಗುರವಾಗಿ ನಡೆಯಬಲ್ಲ, ನಗಿಸಬಲ್ಲ ನಟಿಯೊಬ್ಬರು ಅಲ್ಲಿದ್ದಾರೆ. ಕನ್ನಡ ಚಿತ್ರರಂಗ ಅವರ ಆ ಮುಖವನ್ನು ಹೆಚ್ಚು ಬಳಸಿಕೊಳ್ಳಲಿಲ್ಲ.

ಕನ್ನಡ ಅವರಿಂದ ಪಡೆದದ್ದು ಬೇರೊಂದನ್ನು. 1967ರಲ್ಲಿ ಪುಟ್ಟಣ್ಣ ಕಣಗಾಲ್ ತಮ್ಮ ಮೊದಲ ಕನ್ನಡ ಚಿತ್ರವಾಗಿ ತ್ರಿವೇಣಿಯವರ ಕಾದಂಬರಿ ‘ಬೆಳ್ಳಿ ಮೋಡ’ವನ್ನು ತೆರೆಗೆ ತಂದರು. ಮಲೆನಾಡಿನ ತೋಟದ ಮನೆಯ ಒಬ್ಬಳೇ ಮಗಳು ಇಂದಿರಾ. ಅವಳ ಆಸ್ತಿಯ ಆಸೆಯಿಂದ ಮದುವೆಗೆ ಒಪ್ಪಿದವನು, ಅವಳ ತಾಯಿಗೆ ಗಂಡುಮಗು ಹುಟ್ಟಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಪಶ್ಚಾತ್ತಾಪಗೊಂಡು ಅವನು ಮರಳಿ ಬಂದಾಗ ಇಂದಿರಾ ಅವನನ್ನು ಒಪ್ಪುವುದಿಲ್ಲ. ಇಂದಿಗೆ ಇದು ಸಾಧಾರಣವೆನಿಸಬಹುದು. 1967ರಲ್ಲಿ, ಹೆಣ್ಣು ಕ್ಷಮಿಸುವುದೇ ಚಿತ್ರದ ಮುಕ್ತಾಯವೆಂಬ ರೂಢಿಯಿದ್ದಾಗ, ಬೇಡವೆನ್ನುವ ನಾಯಕಿ ಹೊಸಬಳು. ಆ ನಿರಾಕರಣೆಯನ್ನು ಕಲ್ಪನಾ ಕೂಗಾಡದೆ ನಟಿಸಿದರು. ಅವರಿಗೆ ಆ ಸಾಲಿನ ರಾಜ್ಯ ಪ್ರಶಸ್ತಿ ಬಂತು. ಮುಂದಿನ ಸಾಲಿಗೆ ‘ಹಣ್ಣೆಲೆ ಚಿಗುರಿದಾಗ’ ಚಿತ್ರದ ಎಳೆವಯಸ್ಸಿನ ವಿಧವೆಯ ಪಾತ್ರಕ್ಕೆ ಮತ್ತೆ ಬಂತು. ಅದೂ ತ್ರಿವೇಣಿಯವರ ಕತೆಯೇ. ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ 1969ರಲ್ಲಿ ಚಿತ್ರವಾಯಿತು. ಕುಲಕಸುಬಿನಿಂದ ಬಿಡಿಸಿಕೊಂಡು ಗೃಹಿಣಿಯಾಗಬಯಸುವ ಚಂದ್ರಾಳ ಪಾತ್ರವನ್ನು ಬೇರೊಬ್ಬರಲ್ಲಿ ಊಹಿಸುವುದು ಇಂದಿಗೂ ಕಷ್ಟ.

ಕಲ್ಪನಾ ಅವರ ಏರಿಕೆಯ ಗುಟ್ಟು ಅವರ ಪ್ರತಿಭೆಯಲ್ಲಿ ಮಾತ್ರವಲ್ಲ, ಆ ಕಾಲದ ಕನ್ನಡ ಓದುಗಳಲ್ಲೂ ಇತ್ತು ಎಂಬುದು ನನ್ನ ತಿಳಿವಳಿಕೆ. ತ್ರಿವೇಣಿ, ಎಂ. ಕೆ. ಇಂದಿರಾ, ವಾಣಿ ಮೊದಲಾದವರ ಕಾದಂಬರಿಗಳನ್ನು ಮನೆಮನೆಯ ಹೆಂಗಸರು ಗ್ರಂಥಾಲಯದಿಂದ ತಂದು, ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದ ಕಾಲವದು. ಓದಿದ್ದ ಹೆಣ್ಣಿಗೆ ತೆರೆಯ ಮೇಲೊಂದು ಮುಖ ಬೇಕಿತ್ತು. ಕಲ್ಪನಾ ಆ ಮುಖವಾದರು. ತೋಳುದ್ದದ ಕುಪ್ಪಸ, ಸೀರೆಗೆ ಹೊಂದುವ ಬಳೆ, ಬೆರಳಿನಲ್ಲಿ ದೊಡ್ಡ ಉಂಗುರ, ಹೀಗೆ ಅವರು ತೊಟ್ಟದ್ದನ್ನೆಲ್ಲ ಹುಡುಗಿಯರು ತೊಟ್ಟರು. 1963ರಲ್ಲೇ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರು ತಮ್ಮ ನಾಯಕಿಯರಿಗೆ ಜೀವ ಕೊಟ್ಟ ಈ ನಟಿಯನ್ನು ಆ ಪಾತ್ರಗಳಲ್ಲಿ ನೋಡಲೇ ಇಲ್ಲ.

1971ರ ‘ಶರಪಂಜರ’ ಆ ಯುಗದ ಶಿಖರ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಬಾಣಂತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಗೆ ಹೋಗಿ, ಗುಣಮುಖಳಾಗಿ ಮನೆಗೆ ಬರುವ ಕಾವೇರಿಯ ಕತೆಯನ್ನು ಅವರು ಕನಿಕರದಿಂದ ಬರೆಯಲಿಲ್ಲ, ತಿಳಿವಳಿಕೆಯಿಂದ ಬರೆದರು. ರೋಗ ವಾಸಿಯಾದ ಮೇಲೆಯೇ ಕಾವೇರಿಯ ಕಷ್ಟ ಮೊದಲಾಗುವುದು. ನೆರೆಯವರು ಹೆದರುತ್ತಾರೆ, ಆಳುಗಳು ಅನುಮಾನಿಸುತ್ತಾರೆ, ಕಟ್ಟಿಕೊಂಡ ಗಂಡನೇ ದೂರವಾಗುತ್ತಾನೆ. ಮನೋರೋಗದಿಂದ ಹೊರಬಂದ ಹೆಣ್ಣನ್ನು ಸಮಾಜ ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಕನ್ನಡದ ಸಾಮಾನ್ಯ ಪ್ರೇಕ್ಷಕರ ಎದುರು ಇಷ್ಟು ನೇರವಾಗಿ ಇಟ್ಟ ಚಿತ್ರ ಅದಕ್ಕೆ ಮುಂಚೆ ಇರಲಿಲ್ಲವೆಂದೇ ಹೇಳಬೇಕು. ಚಿತ್ರದ ಉದ್ದಕ್ಕೂ ಕಲ್ಪನಾ ಅವರ ಮುಖದಲ್ಲಿ ಎಲ್ಲರೂ ತನ್ನನ್ನು ಗಮನಿಸುತ್ತಿದ್ದಾರೆ ಎಂಬ ಎಚ್ಚರವೊಂದು ಕಾಣುತ್ತದೆ. ಗುಣಮುಖಳಾದವಳು ಗುಣಮುಖಳಾಗಿದ್ದೇನೆಂದು ದಿನವೂ ಸಾಬೀತುಪಡಿಸಬೇಕಾದ ದಣಿವು ಅದು. ಕೊನೆಯ ಭಾಗದ ಅಬ್ಬರವನ್ನೇ ಜನ ಹೆಚ್ಚು ನೆನೆಯುತ್ತಾರೆ. ಮಿಮಿಕ್ರಿಯವರು ಅದನ್ನೇ ಅನುಕರಿಸಿ ಚಪ್ಪಾಳೆ ಗಿಟ್ಟಿಸುತ್ತ ಬಂದಿದ್ದಾರೆ. ನನಗೆ ಮಾತ್ರ ಆ ದಣಿವೇ ದೊಡ್ಡ ನಟನೆಯಾಗಿ ಕಾಣುತ್ತದೆ. ಮೂರನೆಯ ರಾಜ್ಯ ಪ್ರಶಸ್ತಿ ಈ ಪಾತ್ರಕ್ಕೆ ಸಂದಿತು.

ಆಮೇಲೆ ಪುಟ್ಟಣ್ಣ ಮತ್ತು ಕಲ್ಪನಾ ಜತೆಯಾಗಿ ಚಿತ್ರ ಮಾಡಲಿಲ್ಲ. ಕಾರಣಗಳ ಕುರಿತು ಅವರವರ ಕಡೆಯವರು ಅವರವರಿಗೆ ತೋಚಿದಂತೆ ಹೇಳಿದ್ದಾರೆ. ಆದರೆ ಇಬ್ಬರ ಮನಸ್ತಾಪವೊಂದನ್ನೇ ಮುಂದಿಟ್ಟರೆ ಕಾಲದ ಬದಲಾವಣೆ ಮರೆಯಾಗುತ್ತದೆ. 1972ರಲ್ಲಿ ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’ ಬಂದವು. ಎರಡೂ ಕಾದಂಬರಿ ಆಧಾರಿತವೇ, ಆದರೆ ಎರಡೂ ಗಂಡಿನ ಕತೆಗಳು. ಕನ್ನಡ ಚಿತ್ರಗಳಿಗೆ ಬಣ್ಣ ಬಂತು, ಹೊರಾಂಗಣ ಬಂತು, ಹೊಡೆದಾಟ ಬಂತು. ಹೊಸ ನಾಯಕನಿಗೆ ಹೊಸ ನಾಯಕಿಯೂ ಬೇಕಾಯಿತು. ಆರತಿ, ಮಂಜುಳಾ ಮುನ್ನೆಲೆಗೆ ಬಂದರು. 1974ರ ‘ಎರಡು ಕನಸು’ ಚಿತ್ರದಲ್ಲಿ ಕಲ್ಪನಾ ಗಂಡನ ಪ್ರೀತಿಗಾಗಿ ಕಾಯುವ ಹೆಂಡತಿಯಾಗಿ ಮನಸ್ಸಿನಲ್ಲಿ ಉಳಿಯುವಂತೆ ನಟಿಸಿದರು. ಅನಂತನಾಗ್ ಜತೆ ‘ಬಯಲು ದಾರಿ’ಯೂ ಬಂತು. ಒಳ್ಳೆಯ ಚಿತ್ರಗಳು ತೀರ ನಿಂತುಹೋಗಲಿಲ್ಲ, ವಿರಳವಾದವು. ಕೊನೆಕೊನೆಯ ಕೆಲವು ಚಿತ್ರಗಳಲ್ಲಿ ಅವರ ನಟನೆ ಅತಿಯಾಯಿತೆಂಬ ಟೀಕೆಯನ್ನು ಅಲ್ಲಗಳೆಯುವಂತಿಲ್ಲ. ತಡೆಯಬಲ್ಲ ನಿರ್ದೇಶಕ ಎದುರಿಗಿಲ್ಲದಾಗ, ಜನ ಮೆಚ್ಚಿದ್ದನ್ನೇ ಮತ್ತೆ ಮತ್ತೆ ಕೊಡುವ ಆಸೆಗೆ ಎಷ್ಟೋ ದೊಡ್ಡ ನಟರು ಬಲಿಯಾಗಿದ್ದಾರೆ.

ಮೂವತ್ತು ದಾಟಿದ ನಟಿಯೊಬ್ಬಳಿಗೆ ಆಗ ಇದ್ದ ದಾರಿಗಳಾದರೂ ಯಾವುವು? ಈ ಪ್ರಶ್ನೆಗೆ ಅಮೆರಿಕದ ಲೂಸಿಲ್ ಬಾಲ್ ಅವರ ಬದುಕು ಎದುರಿಗಿಟ್ಟು ನೋಡುವಂಥದ್ದು. 1911ರಲ್ಲಿ ಹುಟ್ಟಿದ ಆಕೆಯೂ ಹಾಲಿವುಡ್ಡಿನಲ್ಲಿ ವರ್ಷಗಟ್ಟಲೆ ದುಡಿದು, ಮೊದಲ ಸಾಲಿನ ತಾರೆಯಾಗದೆ, ನಲವತ್ತರ ಹೊಸ್ತಿಲಲ್ಲಿ ಅವಕಾಶಗಳಿಲ್ಲದೆ ನಿಂತಿದ್ದರು. ಆಗ ಅಲ್ಲಿಗೆ ಟೆಲಿವಿಷನ್ ಬಂದಿತ್ತು. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ ಎಂಬ ಹಾಸ್ಯ ಧಾರಾವಾಹಿ ಆಕೆಯನ್ನು ದೇಶಕ್ಕೆ ದೇಶವೇ ಕಾಯುವ ನಟಿಯನ್ನಾಗಿ ಮಾಡಿತು. ಅದಕ್ಕಿಂತ ಮುಖ್ಯವಾದದ್ದು, ಧಾರಾವಾಹಿಯನ್ನು ತಯಾರಿಸುವ ಸಂಸ್ಥೆ ಆಕೆ ಮತ್ತು ಆಕೆಯ ಪತಿ ಡೆಸಿ ಅರ್ನಾಜ್ ಅವರದೇ ಆಗಿತ್ತು. ಕಂತುಗಳನ್ನು ಫಿಲ್ಮಿನಲ್ಲಿ ಚಿತ್ರಿಸಿದ್ದರಿಂದ ಅವು ಮರುಪ್ರಸಾರವಾಗುತ್ತಲೇ ಉಳಿದವು. ವಿಚ್ಛೇದನದ ಬಳಿಕ, 1962ರಲ್ಲಿ, ಪತಿಯ ಪಾಲನ್ನೂ ಕೊಂಡು ಆಕೆ ಆ ಸ್ಟುಡಿಯೋದ ಒಡತಿಯಾದರು. ಆಕೆ ತೀರಿಕೊಂಡದ್ದು 1989ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ. ಕಲ್ಪನಾ ಅವರಿಗೆ ಅಂಥದೊಂದು ಸ್ವಂತ ನೆಲೆ ಇರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ, ಅವರು ತೀರಿಕೊಂಡು ಎರಡು ವರ್ಷಗಳ ನಂತರ. ತಾಯಿಯಾಗಿ, ಅತ್ತೆಯಾಗಿ, ಮನೆಯ ಹಿರಿಯಳಾಗಿ ದಿನನಿತ್ಯ ಕಾಣಿಸಿಕೊಂಡು ಮರ್ಯಾದೆಯಿಂದ ಬದುಕುವ ಅವಕಾಶ ಕನ್ನಡದ ನಟಿಯರಿಗೆ ಕಿರುತೆರೆಯಿಂದ ದೊರೆತದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ.

ಉಳಿದಿದ್ದ ಬಾಗಿಲು ಕಂಪನಿ ನಾಟಕದ್ದು. ಒಂದು ಕಾಲಕ್ಕೆ ಈ ಕಂಪನಿಗಳಲ್ಲಿ ಹೆಣ್ಣಿನ ಪಾತ್ರಕ್ಕೆ ಗಂಡಸರೇ ಸೀರೆ ಉಡುತ್ತಿದ್ದರು. ಆಮೇಲೆ ನಟಿಯರು ಬಂದರು, ಅವರ ಹೆಸರಿನ ಮೇಲೆಯೇ ಕಂಪನಿಗಳು ನಡೆದವು. ಗದಗದ ಗರುಡ ಸದಾಶಿವರಾಯರಂಥವರು ಕಟ್ಟಿದ ವೈಭವ ಕಲ್ಪನಾ ಅವರ ಕಾಲಕ್ಕೆ ಇಳಿಮುಖವಾಗಿತ್ತು. ಊರಿಗೊಂದು ಟಾಕೀಸು, ಟಾಕೀಸಿಲ್ಲದಲ್ಲಿ ಟೆಂಟು. ಸಿನಿಮಾದ ಎದುರು ಡೇರೆ ತುಂಬಿಸಲು ಮಾಲೀಕರು ಕಂಡುಕೊಂಡ ಉಪಾಯವೆಂದರೆ ಸಿನಿಮಾದವರನ್ನೇ ಕರೆತರುವುದು. ಜೀಪಿಗೆ ಮೈಕು ಕಟ್ಟಿ ಹಳ್ಳಿಹಳ್ಳಿ ಸುತ್ತಿ, ಕೈಚೀಟಿ ಎಸೆದು, ತೆರೆಯ ಮೇಲೆ ಕಂಡವರನ್ನು ಕಣ್ಣೆದುರು ಕಾಣಿರೆಂದು ಕರೆದರೆ ಜನ ಬರುತ್ತಿದ್ದರು. ಗುಡಗೇರಿ ಬಸವರಾಜ ಅವರ ನಾಟಕ ಕಂಪನಿಗೆ ಕಲ್ಪನಾ ಸೇರಿದ್ದು ಈ ಹಿನ್ನೆಲೆಯಲ್ಲಿ. ಕಲೆಕ್ಷನ್ ಕುಸಿಯುತ್ತಿದ್ದ ರಂಗಭೂಮಿಗೆ ತಾರೆ ಬೇಕಿತ್ತು. ಬೇಡಿಕೆ ಕುಸಿಯುತ್ತಿದ್ದ ತಾರೆಗೆ ರಂಗ ಬೇಕಿತ್ತು.

ಈ ಹೆಜ್ಜೆಯನ್ನು ಪತನವೆಂದು ಬರೆಯುವುದು ರೂಢಿಯಾಗಿದೆ. ಬರೆಯುವವರು ಬಹುತೇಕ ರಾಜಧಾನಿಯವರು. ನಮ್ಮ ಭಾಗದವರಿಗೆ ಹಾಗೆ ಅನ್ನಿಸಿದ್ದಿಲ್ಲ. ಕ್ಯಾಮೆರಾದ ಎದುರು ಒಂದೊಂದೇ ತುಣುಕು ನಟಿಸಿ ರೂಢಿಯಾದವರು, ರಾತ್ರಿ ಮೂರು ನಾಲ್ಕು ತಾಸು, ಮಾತು ತಪ್ಪದಂತೆ, ಸಾವಿರಾರು ಜನರ ಸಿಳ್ಳು-ಚಪ್ಪಾಳೆಯ ನಡುವೆ ಪಾತ್ರವನ್ನು ನಿಲ್ಲಿಸುವುದು ಸುಲಭದ ಮಾತಲ್ಲ. ಇಷ್ಟನ್ನೂ ಒಪ್ಪಿದ ಮೇಲೂ ಕಂಪನಿಯ ಬದುಕು ಕಠಿಣವೆಂಬುದನ್ನು ಮುಚ್ಚಿಡಲಾಗದು. ಇಂದು ಒಂದೂರು, ನಾಳೆ ಮತ್ತೊಂದೂರು. ಬೇಸಿಗೆಯ ಸೆಕೆ, ಹಗಲು ನಿದ್ದೆ, ಪ್ರವಾಸಿ ಬಂಗಲೆಯ ಕೋಣೆ. ಪೂರ್ತಿ ಒಂಟಿಯಾದ ಮನಸ್ಸಿಗೆ ಈ ಅಲೆದಾಟ ಎಷ್ಟು ಭಾರವಾಗಿರಬಹುದು ಎಂಬುದನ್ನು ಊಹಿಸಬಹುದು. ಮನೋರೋಗಿಯ ನೋವನ್ನು ನಾಡಿಗೆ ತೋರಿಸಿದ ನಟಿಯ ಸ್ವಂತ ಮನಸ್ಸಿನ ನೋವನ್ನು ಕೇಳುವ ವ್ಯವಸ್ಥೆ ಚಿತ್ರರಂಗದಲ್ಲೂ ಇರಲಿಲ್ಲ, ರಂಗಭೂಮಿಯಲ್ಲೂ ಇರಲಿಲ್ಲ. ಮೇ ತಿಂಗಳ ಆ ಸಾವಿನ ಬಳಿಕವೂ ನಾವು ಕೇಳಿದ್ದು ಆಕೆಗೆ ಏನಾಗಿತ್ತು ಎಂದಲ್ಲ, ಯಾರಿಂದಾಯಿತು ಎಂದು.

ಅಬ್ಬಿಗೇರಿಯ ಮನೆಗಳಿಗೆ ಟಿ.ವಿ. ಬಂದ ಮೇಲೆ ಕಲ್ಪನಾ ಮತ್ತೆ ಬಂದರು. ಗದಗದ ಟಾಕೀಸನ್ನು ಎಂದೂ ನೋಡದ ಮುದುಕಿಯರೂ ‘ಬೆಳ್ಳಿ ಮೋಡ’ವನ್ನು ನೋಡಿದರು. ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಧಾರವಾಡದ ಬೇಂದ್ರೆಯವರ ಕವಿತೆಗಳು ‘ಬೆಳ್ಳಿ ಮೋಡ’ದಲ್ಲೂ ‘ಶರಪಂಜರ’ದಲ್ಲೂ ಹಾಡುಗಳಾಗಿವೆ. ಆ ಹಾಡುಗಳು ಬಂದಾಗ ಎಲ್ಲರೂ ತಲೆದೂಗುತ್ತಿದ್ದರು. ನಮ್ಮವ್ವ ‘ಶರಪಂಜರ’ವನ್ನು ಎಷ್ಟು ಸಲ ನೋಡಿದಳೋ ನನಗೆ ಗೊತ್ತಿಲ್ಲ. ಆದರೆ ಕಾವೇರಿಯ ಮನಸ್ಸು ಎರಡನೆಯ ಸಲ ಕದಡತೊಡಗುವ ಹೊತ್ತಿಗೆ ಪ್ರತಿ ಸಲವೂ ಎದ್ದು, ರೊಟ್ಟಿ ಮಾಡುವುದಿದೆಯೆಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.